ಡಿಕ್ಕಿಯಲ್ಲಿದ್ದ ಕೌದಿ

ವಾರವಿಡೀ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಊದಿದ ನನ್ನ ಕಾಲುಗಳಿಗೆ ಭಾನುವಾರವೊಂದೇ ಬಿಡುವು. ಅದನ್ನೂ ಮಗಳು ಕಿತ್ತುಕೊಂಡಿದ್ದಳು. ಗೆಳತಿಯ ಹುಟ್ಟುಹಬ್ಬಕ್ಕೆ ಹೋದವಳು ಅಲ್ಲಿ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಕಾರನ್ನು ಎರಡು ಸುತ್ತು ಓಡಿಸಿ ಬಂದು, ರೇಸ್ ಕಲಿಯುತ್ತೇನೆಂದು ಹಟ ಹಿಡಿದಳು. ಅವಳಿಗೆ ಆಗ ಒಂಬತ್ತು ವರ್ಷ.

ಆರ್‌ಪಿಸಿ ಲೇಔಟಿನಿಂದ ಕೆಂಗೇರಿ ದಾಟಿ ಟ್ರ್ಯಾಕ್ ಮುಟ್ಟಬೇಕು. ಮೈಸೂರು ರಸ್ತೆಯನ್ನು ಅಗೆದು ಹಾಕಿದ್ದ ಕಾಲ. ತಿಂಡಿಗಿಂತ ಧೂಳನ್ನೇ ಹೆಚ್ಚು ತಿನ್ನುತ್ತಿದ್ದೆವು. ಮೂರು ಭಾನುವಾರ ಹೋದರೂ ಕೋಚ್ ಅವಳನ್ನು ಸೇರಿಸಿಕೊಳ್ಳಲಿಲ್ಲ. ಸೀಟಿನಲ್ಲಿ ಒರಗಿ ಕೂತರೆ ಅವಳ ಕಾಲು ಬ್ರೇಕ್ ತನಕ ಹೋಗುತ್ತಿರಲಿಲ್ಲ.

"ಬೆನ್ನಿಗೆ ಗಟ್ಟಿಯಾಗಿ ಏನಾದ್ರೂ ಮಾಡಿಸ್ಕೊಂಡು ಬನ್ನಿ ಸಾರ್. ಮುಂದಿನ ವಾರ ಬ್ರೇಕ್ ಪೂರ್ತಿ ಒತ್ತಿದ್ರೆ ಈ ಬ್ಯಾಚಿಗೇ ಹಾಕ್ಕೊಳ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ," ಎಂದರು.

ಮುಂದಿನ ವರ್ಷ! ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮವ್ವ ಸುಮ್ಮನಿರುವವಳಲ್ಲ. ಹಾವೇರಿ ಕಡೆಯವಳು, ಹಳೆಯ ಸೀರೆ ಕಂಡರೆ ಸೂಜಿ ಹುಡುಕುತ್ತಾಳೆ. ಮೊಮ್ಮಗಳ ಬೆನ್ನನ್ನು ಗೇಣಿನಲ್ಲಿ ಅಳೆದು, ತನ್ನ ಇಳಕಲ್ ಸೀರೆಯನ್ನು ಹತ್ತಾರು ಪದರ ಮಡಚಿ, ಹಲಗೆಯಂಥ ಪುಟ್ಟ ಕೌದಿ ಹೊಲಿದಳು. ಸೀಟಿಗೆ ಕಟ್ಟಲು ನಾಲ್ಕು ಲಾಡಿಗಳನ್ನೂ ಇಟ್ಟಳು. ಶನಿವಾರ ಸಂಜೆ ಅದನ್ನು ನನ್ನ ಕೈಗಿತ್ತು, "ಮರೀಬ್ಯಾಡ ಮತ್ತ," ಎಂದಳು.

ಮರೆಯಲಿಲ್ಲ. ಭಾನುವಾರ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದೆ. ಟ್ರ್ಯಾಕಿನಲ್ಲಿ ಮಗಳು "ಕೌದಿ ಎಲ್ಲಿ ಅಪ್ಪಾ?" ಎಂದಾಗ, "ಅಯ್ಯೋ, ಮರೆತೇಬಿಟ್ಟೆ ಕಣೇ," ಎಂದೆ. ಸುಳ್ಳು ಬೆಣ್ಣೆಯಷ್ಟು ನುಣ್ಣಗೆ ಬಂತು.

ಹಾಗೆಯೇ ಕೂತು ಪ್ರಯತ್ನಿಸಿದಳು. ಸೊಂಟ ಜಾರಿಸಿ ಕಾಲು ಚಾಚಿದರೆ ಪೆಡಲ್ ತುದಿಬೆರಳಿಗೆ ತಾಗುತ್ತಿತ್ತು, ಅಷ್ಟೇ. ಇನ್ನೊಮ್ಮೆ ಒತ್ತುವ ಮೊದಲೇ ನಾನು, "ಬಿಡಿ ಸಾರ್, ಮುಂದಿನ ವರ್ಷ ಬರ್ತೀವಿ," ಎಂದುಬಿಟ್ಟೆ.

ಅಳುತ್ತಾಳೆಂದುಕೊಂಡಿದ್ದೆ. ಅವಳು ಹೆಲ್ಮೆಟ್ ತೆಗೆದು ನನ್ನ ಕಾಲುಗಳನ್ನೇ ನೋಡಿದಳು. "ಪರವಾಗಿಲ್ಲ ಅಪ್ಪಾ. ನಿಮಗೂ ಸುಸ್ತಾಗಿದೆ. ಹೋಗೋಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ಕೂಟರಿನ ಹತ್ತಿರ ಬಂದು ಕೀಲಿ ಕೈಗೆ ತೆಗೆದುಕೊಂಡವನು ಅಲ್ಲೇ ನಿಂತೆ. ಕೊನೆಗೆ ಅವಳ ಎದುರಿಗೇ ಡಿಕ್ಕಿ ತೆಗೆದೆ. "ಇಲ್ಲೇ ಇದೆ ಕಣೇ," ಎಂದೆ. ಅವಳು ಕೌದಿಯನ್ನು ನೋಡಿದಳು, ಬೀಗ ನೋಡಿದಳು. ಕೌದಿಯನ್ನು ಎದೆಗವಚಿಕೊಂಡು ಟ್ರ್ಯಾಕಿನತ್ತ ಓಡಿದಳು.

ಕೋಚ್ ಲಾಡಿ ಬಿಗಿದರು. ಅವಳು ಒತ್ತಿದಳು. ಬ್ರೇಕ್ ಕೊನೆಯವರೆಗೂ ಹೋಯಿತು. ಬರುವ ಭಾನುವಾರ ಏಳಕ್ಕೇ ಬರಬೇಕು ಎಂದರು. ನನಗೆ ಸಂತೋಷವೂ ಆಯಿತು, ಇನ್ನೆಷ್ಟು ಭಾನುವಾರಗಳಪ್ಪಾ ಎಂದು ಮಂಡಿಯೂ ನೋಯಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಕೌದಿ ಛೊಲೋ ಆತೇನವ್ವಾ?"

ಮಗಳು ಶೂ ಬಿಚ್ಚುತ್ತಾ, ನನ್ನತ್ತ ತಿರುಗದೆಯೇ ಹೇಳಿದಳು: "ಹೂಂ ಅಜ್ಜಿ. ಅಪ್ಪ ಮರೀದೇ ತಂದಿದ್ರು."