ಹನ್ನೆರಡನೇ ನಂಬರಿನ ಚಿಟ್ಟೆ

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತೇನೋ. ವಿದ್ಯಾರಣ್ಯಪುರಂನ ಮನೆಯಿಂದ ಸೈಕಲ್ ಏರಿ ರೇಷ್ಮೆ ಮೊಟ್ಟೆ ಕೇಂದ್ರದ ಕೆಲಸಕ್ಕೆ ಹೋಗುತ್ತಿದ್ದೆ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಅಕ್ಕಿಕಾಳಿನ ಆಕಾರದ, ಹೊಳೆಯುವ ಕಣಗಳು ಕಂಡರೆ ಗಂಟುರೋಗ. ಅದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಹುಳು ಸಾಕುವ ಇಡೀ ತಟ್ಟೆಗೆ ಹರಡುತ್ತದೆ. ಅಂಥ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಬಿಡುತ್ತಿದ್ದೆವು.

ಆ ದಿನ ಇಲವಾಲದ ಕಡೆಯ ರೈತರೊಬ್ಬರಿಗೆ ನಲವತ್ತು ಚಿಟ್ಟೆಗಳ ಮೊಟ್ಟೆ ಕೊಡಬೇಕಿತ್ತು. ಅವರ ಹಿಂದಿನ ಬೆಳೆಯ ಹುಳು ಪೂರ್ತಿ ಸತ್ತಿತ್ತು. ಈ ಸಲವೂ ಕೈಕೊಟ್ಟರೆ ರೇಷ್ಮೆಯ ಸಹವಾಸವೇ ಬೇಡವೆಂದು ಹೇಳಿ ಕೇಂದ್ರದ ಜಗಲಿಯ ಮೇಲೆ ಕೂತಿದ್ದರು. ಮೊದಲ ಹನ್ನೊಂದು ಚಿಟ್ಟೆ ಶುದ್ಧ. ಹನ್ನೆರಡರಲ್ಲಿ ಕಣಗಳು ಕಿಕ್ಕಿರಿದಿದ್ದವು. ಹದಿಮೂರರಲ್ಲೂ ಇದ್ದವು, ಹದಿನಾಲ್ಕರಲ್ಲೂ, ಹೀಗೇ ನಲವತ್ತರವರೆಗೂ!

"ಎಲ್ಲಾ ಸುಟ್ಟುಬಿಡಿ" ಎಂದರು ಮೇಲಧಿಕಾರಿ, ತಲೆಯೆತ್ತದೆ.

ನನ್ನ ಪಿತ್ತ ನೆತ್ತಿಗೇರಿತು. "ಸರ್, ರೋಗಕ್ಕೆ ನಂಬರ್ ಓದೋಕೆ ಬರುತ್ತಾ? ಹನ್ನೆರಡರಿಂದ ಸಾಲಾಗಿ ಹಿಡ್ಕೊಂಡು ಬರೋಕೆ?" ಎಂದು ಕೇಳಿ ಹಿಂದಿನ ಕೋಣೆಗೆ ನಡೆದೆ.

ಚಿಟ್ಟೆ ಅರೆಯುವ ಹೆಂಗಸು ಪಿಂಗಾಣಿ ಒರಳುಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದರು. "ಚೆನ್ನಾಗಿ ತೊಳ್ದಿವ್ನಿ ಕಣಮ್ಮ, ಮುಖ ನೋಡ್ಕೊಬೋದು" ಎಂದರು. ಸುಳ್ಳೇನಲ್ಲ, ಒರಳು ಫಳಫಳ ಅನ್ನುತ್ತಿತ್ತು. ಆದರೆ ಆ ಬಕೆಟ್ಟಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದರ ತುಂಬ ಅದೇ ಕಣಗಳು! ಹನ್ನೆರಡನೆಯದನ್ನು ಅರೆದ ಒರಳು ಅದ್ದಿದಾಗಲೇ ನೀರು ಕೆಟ್ಟಿತ್ತು. ಕಣ್ಣಿಗೆ ಶುಚಿ ಕಂಡ ಮಾತ್ರಕ್ಕೆ ಸೂಕ್ಷ್ಮಜೀವಿ ಹೋಗಿರುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ, ನಂಬಿದ್ದು ಆವತ್ತು.

ಪ್ರತಿ ಚಿಟ್ಟೆಯ ಅರ್ಧವನ್ನಷ್ಟೇ ಅರೆದು, ಉಳಿದರ್ಧ ಎತ್ತಿಡುವ ಪದ್ಧತಿ ನಮ್ಮಲ್ಲಿತ್ತು, ನನ್ನ ಪುಣ್ಯ. ಒರಳುಗಳನ್ನು ಕುದಿಸಿ, ಒಂದೊಂದನ್ನೂ ನಲ್ಲಿಯ ಕೆಳಗೆ ತೊಳೆಸಿ, ಊಟ ಬಿಟ್ಟು ಮತ್ತೆ ಕೂತೆ. ಹನ್ನೆರಡರಲ್ಲಿ ರೋಗ ಇದ್ದೇ ಇತ್ತು. ಹದಿಮೂರು ಶುದ್ಧ. ಹದಿನಾಲ್ಕು ಶುದ್ಧ. ನಲವತ್ತು ಮುಗಿಯುವ ಹೊತ್ತಿಗೆ ನಾನು ಒಬ್ಬಳೇ ಜೋರಾಗಿ ನಗುತ್ತಿದ್ದೆ. ಮೇಲಧಿಕಾರಿ ಎದ್ದು ಬಂದು, ಬಗ್ಗಿ ನೋಡಿ, ಸಹಿ ಹಾಕಿದರು.

ರೈತರು ಮೊಟ್ಟೆ ಅಂಟಿದ್ದ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಒಂದು ಕಮ್ಮಿ ಐತಲ್ಲವ್ವಾ?"

"ಅದನ್ನ ಸುಟ್ಟೆ. ಉಳಿದಿದ್ದು ಬದುಕ್ಲಿ ಅಂತಾನೇ ಸುಟ್ಟೆ."

ಅನುಮಾನದಲ್ಲೇ ತೆಗೆದುಕೊಂಡು ಹೋದರು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಬಂದವರು ಗೇಟಿನಿಂದಲೇ ಕೂಗಿದರು: "ಗೆದ್ಬುಟ್ವಿ ಕಣವ್ವಾ!" ನಾನು ಓಡಿಹೋಗಿ ಬುಟ್ಟಿಯಲ್ಲಿ ಮೊಣಕೈವರೆಗೂ ಕೈಯಿಟ್ಟೆ. ತಳದವರೆಗೂ ಗಟ್ಟಿ ಗೂಡುಗಳಿದ್ದವು.