ತಾತನ ಎಲೆಗೆ ಬಾರದ ಟೊಮೆಟೊ

ಬೆಳಿಗ್ಗೆ ಹೆಂಡತಿ ಕಾಳುಮೆಣಸು ಕುಟ್ಟಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಚಿಂತಾಮಣಿ ಹತ್ತಿರದ ಹಳೇ ಮನೆಯಲ್ಲಿ ನಡೆದ ತಾತನ ಮೊದಲ ತಿಥಿ ನೆನಪಾಯಿತು.

ತಾತ ಕಡೆಯವರೆಗೂ ಟೊಮೆಟೊ ಬೆಳೆದವರು. ಹಣ್ಣನ್ನು ಪಂಚೆಗೆ ಒರೆಸಿ, ಉಪ್ಪು ಹಚ್ಚಿ, ತೋಟದಲ್ಲೇ ನಿಂತು ತಿನ್ನುತ್ತಿದ್ದರು. ಅವರ ತಿಥಿಯ ಅಡುಗೆಯಲ್ಲಿ ಮಾತ್ರ ಟೊಮೆಟೊ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ.

“ಅವೆಲ್ಲ ಪರಂಗಿಯವರ ಹಡಗಲ್ಲಿ ಬಂದಿದ್ದು ಕಣಪ್ಪ, ಪಿತೃಗಳಿಗೆ ಗೊತ್ತಿಲ್ಲ,” ಎನ್ನುತ್ತ ಅಜ್ಜಿ ಒರಳಿಗೆ ಕಾಳುಮೆಣಸು ಸುರಿದರು. ಪರಂಗಿಯವರು ಕಡಲು ದಾಟಿದ್ದೇ ಆ ಕಾಳಿನ ಆಸೆಗೆ ಎಂದು ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದರು.

“ತಾತಂಗೆ ಟೊಮೆಟೊ ಗೊತ್ತಲ್ಲಜ್ಜಿ?” ಎಂದೆ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. “ಈಗ ಅವ್ರೂ ಆ ಪಂಕ್ತೀಲೇ ಕೂತಿದ್ದಾರೆ. ಬೇಕು ಅಂದ್ರೂ ಕೇಳಕ್ಕಾಗಲ್ಲ.”

ಮಾಳಿಗೆಯ ಮೇಲಿಟ್ಟ ಪಿಂಡವನ್ನು ಅಂದು ಕಾಗೆ ಮುಟ್ಟಲಿಲ್ಲ. ಸಂಜೆಯವರೆಗೂ ಅಜ್ಜಿ ತೋಟದ ಕಡೆಯೇ ನೋಡುತ್ತ ಕೂತಿದ್ದರು.

ಇವತ್ತು ಅಪ್ಪನ ತಿಥಿ. ಪುರೋಹಿತರು ತಾತನ ಹೆಸರನ್ನೂ ನನ್ನಿಂದ ಹೇಳಿಸಿದರು. ಮಾಳಿಗೆಯಲ್ಲಿ ಪಿಂಡದ ಪಕ್ಕ, ಯಾರಿಗೂ ಕಾಣದಂತೆ, ಉಪ್ಪು ಹಚ್ಚಿದ ಒಂದು ಟೊಮೆಟೊ ಇಟ್ಟೆ. ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ ರೆಕ್ಕೆ ಬಡಿದ ಸದ್ದಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.