ಹಿಂದಿನ ಎರಡು ಟೈರು

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಟ್ಟ ಹೊತ್ತಿನಲ್ಲಿ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಹೋಗಿ ಕನಕರಾಯನ ಮೂಗಿನ ವಿಷಯ ಎತ್ತಿದರೆ, ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಬಿಡುಗಡೆ ಸಿಗುತ್ತಿರಲಿಲ್ಲ. ಆ ಮೂಗು ಇಪ್ಪತ್ತು ಮಾರು ದೂರದಿಂದಲೇ ಟೈರಿನ ವಯಸ್ಸು ಹೇಳುತ್ತದೆ ಎಂದು ಒಬ್ಬ ಆಣೆ ಹಾಕುತ್ತಿದ್ದ. ಹೊಸಪೇಟೆಯ ಲಾರಿಯೊಂದರ ಗಾಲಿ ಮೂಸಿ, "ಇದು ನಿನ್ನೆ ಸಿಂಧನೂರಾಗ ನಿಂತಿತ್ತು, ಡ್ರೈವರ್ ಅಲ್ಲೇ ಉಳ್ಳಾಗಡ್ಡಿ ತಿಂದಾನ" ಎಂದನೆಂದೂ, ಡ್ರೈವರ್ ಬಾಯಿ ಮುಚ್ಚಿಕೊಂಡು ಕೆಳಗಿಳಿದು ಕೈಮುಗಿದನೆಂದೂ ಇನ್ನೊಬ್ಬ ಸೇರಿಸುತ್ತಿದ್ದ. ಮೂರನೆಯವನಿಗೆ ಇದೂ ಸಾಲದು. ಕನಕರಾಯ ಬರುವುದನ್ನು ಕಂಡರೆ ಕಳ್ಳ ಟೈರುಗಳು ನಿಂತಲ್ಲೇ ನಡುಗುತ್ತವೆ ಎಂದು ಅವನ ವಾದ. ಟೈರು ನಡುಗುವುದನ್ನು ನೋಡಿದವರು ಯಾರೆಂದು ಕೇಳುವ ಅರಸಿಕರು ಆ ಬಸ್ ಸ್ಟ್ಯಾಂಡಿನಲ್ಲಿ ಇರಲಿಲ್ಲ.

ನಿಜ ಇಷ್ಟೇ: ಟೈರು ಕಂಡರೆ ಬಗ್ಗಿ, ಹೆಬ್ಬೆರಳಿನಿಂದ ಒತ್ತಿ, ಒಮ್ಮೆ ಮೂಸುವ ಚಟ ಅವನಿಗಿತ್ತು. ಉಳಿದ ಡ್ರೈವರುಗಳಿಗೆ ಬೀಡಿಯ ಚಟ ಇದ್ದ ಹಾಗೆ.

ಕನಕರಾಯ ಕುರಿ ಕಾಯುವ ಮನೆತನದವನು. ಇಪ್ಪತ್ತೆರಡರವರೆಗೆ ದೇವದುರ್ಗದ ಸುತ್ತಿನ ಬಯಲಲ್ಲಿ ಅಣ್ಣ ಪರಮಣ್ಣನ ಜೊತೆ ಹಿಂಡಿನ ಹಿಂದೆ ನಡೆದ. ಆಮೇಲೆ ಒಂದು ದಿನ ಹಿಂಡು ರಸ್ತೆ ದಾಟುವಾಗ ತಡೆದು ನಿಂತ ಲಾರಿಯೊಂದನ್ನು ಕಂಡು, ಇಷ್ಟು ಕುರಿಗಳ ಹಿಂದೆ ನಡೆಯುವುದಕ್ಕಿಂತ ಆ ಒಂದರ ಒಳಗೆ ಕೂರುವುದು ಮೇಲು ಎನ್ನಿಸಿ ಲಾರಿ ಹತ್ತಿಬಿಟ್ಟ. ಸ್ಟೇರಿಂಗ್ ಕಲಿತ, ಲೈಸೆನ್ಸ್ ಪಡೆದ, ಕೊನೆಗೆ ಮಾನ್ವಿಯ ಲೇಡಿ ಡಾಕ್ಟರ್ ಸುಗ್ರಾ ಬೇಗಂ ಅವರ ಅಂಬಾಸಿಡರ್ ಕಾರಿಗೆ ಡ್ರೈವರ್ ಆದ. ಆದರೂ ಕುರಿ ಅವನೊಳಗಿಂದ ಪೂರ್ತಿ ಇಳಿದಿರಲಿಲ್ಲ. ಸೀಟಿನ ಮೇಲೆ ಕಂಬಳಿ ಹಾಸುತ್ತಿದ್ದ. ದಿಬ್ಬ ಏರುವಾಗ ಗೇರು ಬದಲಿಸುವ ಮುಂಚೆ "ಹುರ್ರ್... ಹೊಯ್" ಎನ್ನುತ್ತಿದ್ದ. ಕಾರೂ ಆ ಮಾತಿಗೆ ಹೊಂದಿಕೊಂಡಿತ್ತು.

ಆ ಕಾರಿಗೆ ಆಗ ಹದಿನೆಂಟು ವರ್ಷ. ವಾರಕ್ಕೆರಡು ಸಲ ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ, ನಡುವೆ ಕರೆ ಬಂದ ಹಳ್ಳಿಗಳಿಗೆ, ಔಷಧಿ ತರಲು ರಾಯಚೂರಿಗೆ. ಎಂಬತ್ತೊಂದರ ಬೇಸಿಗೆಯ ಹೊತ್ತಿಗೆ ಅದರ ನಾಲ್ಕೂ ಟೈರುಗಳು ಬಾಣಂತಿ ಮನೆಯ ಕೂಸಿನ ಕೆನ್ನೆಯಷ್ಟು ನುಣುಪಾಗಿದ್ದವು. ಒಂದೇ ವಾರದಲ್ಲಿ ಮೂರು ಪಂಕ್ಚರ್. ಮೂರನೆಯದು ನೀರಮಾನ್ವಿಯ ಹತ್ತಿರ ಆದಾಗ, ಹೊಟ್ಟೆನೋವಿನ ರೋಗಿಯೇ ಕೆಳಗಿಳಿದು ಕಾರು ತಳ್ಳಿ, ಹೊಟ್ಟೆನೋವು ವಾಸಿಯಾಗಿ, ಅಲ್ಲಿಂದಲೇ ಊರಿಗೆ ತಿರುಗಿ ಹೋದ.

ಡಾಕ್ಟರಮ್ಮನ ತಮ್ಮ ಬುರ್ಹಾನುದ್ದೀನ್ ರಾಯಚೂರಿನಲ್ಲಿದ್ದರು. ಓವರ್‌ಸಿಯರ್ ಆಗಿ ನಿವೃತ್ತರಾದವರು. ನಿವೃತ್ತಿಯ ನಂತರ ಮೇಲ್ವಿಚಾರಣೆಗೆ ಬೇರೆ ಏನೂ ಇಲ್ಲದ್ದರಿಂದ ಅಕ್ಕನ ಕಾರನ್ನು ಹಿಡಿದುಕೊಂಡಿದ್ದರು.

"ಆಪಾ, ಈ ಡಬ್ಬಾ ಮಾರಿಬಿಡ್ರಿ. ಬಸ್ ಅದ, ಬಸ್ಸಿಗೆ ಹೋಗ್ರಿ," ಎಂದರು ಅವರು.

"ಹೆರಿಗಿ ನೋವು ಬಸ್ಸಿನ ಟೈಮ್ ನೋಡಿ ಬರತದೇನೋ?" ಎಂದರು ಡಾಕ್ಟರಮ್ಮ. "ಟೈರು ಹೋಗ್ಯಾವ, ಟೈರು ಹಾಕಿಸೋಣ."

"ಟೈರು ಆರಿಸೋರು ಯಾರು? ಇವನಾ? ಕುರಿ ಕಾಯೋನು?"

ಕಾರು ಮಾರಿದರೆ ತನ್ನ ಗತಿ ಏನೆಂದು ಕನಕರಾಯನಿಗೆ ಚೆನ್ನಾಗಿ ಗೊತ್ತಿತ್ತು. ಆ ಭಾಗದಲ್ಲಿ ಡ್ರೈವರ್ ಬೇಕಾದ ಮನೆಗಳು ಕೈಬೆರಳಿಗಿಂತ ಕಡಿಮೆ, ಎಲ್ಲ ಕಡೆ ಆಗಲೇ ಒಬ್ಬ ಕೂತಿದ್ದ. ಪರಮಣ್ಣನಿಗೂ ಸುದ್ದಿ ಮುಟ್ಟಿತ್ತು. ಅವನು ದೇವದುರ್ಗದ ಸಂತೆಯಲ್ಲಿ ಎದುರಾಗಿ ಎಲ್ಲರ ಮುಂದೆ ಹೇಳಿದ್ದ: "ಲೇ ತಮ್ಮಾ, ನಿನ್ನ ಕೋಲಿಗೆ ಎಣ್ಣಿ ಹಚ್ಚಿ ಇಟ್ಟೀನಿ. ಹಿಂಡಿನಾಗ ಪಂಕ್ಚರ್ ಆಗಂಗಿಲ್ಲ, ಬಂದುಬಿಡು." ಸಂತೆ ನಕ್ಕಿತು. ಹತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಅಂದು ಜೇಬು ಹುಡುಕಿಕೊಂಡು ಒಳಗೆ ಸೇರಿತು.

ಡಾಕ್ಟರಮ್ಮ ಜಾಣೆ. ಇಬ್ಬರನ್ನೂ ಕೂರಿಸಿ ಒಂದು ತೀರ್ಪು ಕೊಟ್ಟರು. ಮುಂದಿನ ಎರಡು ಟೈರು ಬುರ್ಹಾನುದ್ದೀನ್ ಆರಿಸಬೇಕು. ಹಿಂದಿನ ಎರಡು ಕನಕರಾಯ. ಮಳೆಗಾಲದೊಳಗೆ ಕನಕರಾಯನ ಟೈರು ಮೊದಲು ಕೈಕೊಟ್ಟರೆ ಕಾರು ಮಾರಾಟ. ತಮ್ಮನ ಟೈರು ಮೊದಲು ಹೋದರೆ ಕಾರು ಉಳಿಯುತ್ತದೆ, ಕನಕರಾಯ ಉಳಿಯುತ್ತಾನೆ, ತಮ್ಮ ಕಾರಿನ ಬಗ್ಗೆ ಮತ್ತೆ ಬಾಯಿ ತೆಗೆಯಕೂಡದು. ಮುಳ್ಳು ಚುಚ್ಚಿದ್ದು ಲೆಕ್ಕಕ್ಕಿಲ್ಲ, ಟೈರು ತಾನಾಗಿ ಹೋಗಬೇಕು. ಹಿಂದಿನ ಗಾಲಿಗಳ ಮೇಲೆ ಭಾರ ಹೆಚ್ಚು ಎಂದು ಬುರ್ಹಾನುದ್ದೀನರಿಗೆ ಗೊತ್ತಿತ್ತು. ಅವರು ಕೂಡಲೇ ಒಪ್ಪಿದರು.

ಮರುದಿನ ಮೂವರೂ ರಾಯಚೂರಿನ ಕುತುಬುದ್ದೀನನ ಟೈರಿನ ಅಂಗಡಿಗೆ ದಂಡೆತ್ತಿ ಹೋದರು. ಅಂಗಡಿಯದು ಪಶ್ಚಿಮಕ್ಕೆ ಮುಖ, ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆ. ಹೊರಗಿನ ಕಟ್ಟೆಯ ಮೇಲೆ ಟೈರುಗಳು ಸಾಲಾಗಿ, ದರ್ಬಾರಿನಲ್ಲಿ ನಿಂತ ಸರದಾರರಂತೆ, ಫಳಫಳ ಹೊಳೆಯುತ್ತಿದ್ದವು. ಕುತುಬುದ್ದೀನ್ ದಿನಾ ಬೆಳಿಗ್ಗೆ ಅವುಗಳಿಗೆ ಎಣ್ಣೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದ. ಅಷ್ಟು ಸೇವೆ ಅವನು ಮನೆಯಲ್ಲಿ ಯಾರಿಗೂ ಮಾಡಿದವನಲ್ಲ.

ಬುರ್ಹಾನುದ್ದೀನ್ ಕನ್ನಡಕ ಏರಿಸಿ, ಜೇಬಿನಿಂದ ಅಳತೆಪಟ್ಟಿ ತೆಗೆದರು. ಗೆರೆಯ ಆಳ ಅಳೆದರು, ಅಗಲ ಅಳೆದರು. ಅತಿ ಹೆಚ್ಚು ಹೊಳೆಯುವ, ಅತಿ ಆಳದ ಗೆರೆಯ ಎರಡನ್ನು ಮುಂದಿನ ಸಾಲಿನಿಂದಲೇ ತೋರಿಸಿದರು. "ಯೇ ದೋ. ವಿಜ್ಞಾನ ಅಂದ್ರ ಇದು. ಮುಗೀತು."

ಈಗ ಕನಕರಾಯನ ಸರದಿ. ಅವನು ಚಪ್ಪಲಿ ಬಿಚ್ಚಿ ಬದಿಗಿಟ್ಟ. ಕುರಿ ಕೊಳ್ಳಲು ಹೋದವರು ಹಿಂಡಿನೊಳಗೆ ಇಳಿಯುವ ಮುಂಚೆ ಹೀಗೇ ಮಾಡುತ್ತಾರೆ. ಮುಂದಿನ ಸಾಲಿನ ಒಂದು ಟೈರನ್ನು ಎಳೆದುಕೊಂಡು, ಉಣ್ಣೆ ಬಿಡಿಸಿ ಕುರಿಯ ಚರ್ಮ ನೋಡುವ ಹಾಗೆ, ಎರಡೂ ಹೆಬ್ಬೆರಳಿನಿಂದ ಗೆರೆ ಅಗಲಿಸಿ ಬುಡದಲ್ಲಿ ಕಣ್ಣಿಟ್ಟ. ಎಣ್ಣೆಯ ಹೊಳಪಿನ ಕೆಳಗೆ ಸಣ್ಣ ಸಣ್ಣ ಬಿರುಕು. ಬೇಸಿಗೆಯ ಚಂದ್ರಬಂಡದ ಎರೆಹೊಲವನ್ನು ಯಾರೋ ಚಿಕ್ಕದು ಮಾಡಿ ಅಲ್ಲಿ ಅಂಟಿಸಿದ ಹಾಗೆ. ಮೂಸಿದ. ಮುಖ ಸಿಂಡರಿಸಿದ.

"ಇವು ಬಿಸಲಾಗ ಕಟ್ಟಿ ಹಾಕಿದ ಕುರಿ ಆಗ್ಯಾವ್ರಿ. ಮೈ ಮಿಂಚತದ, ಒಳಗ ದಮ್ಮಿಲ್ಲ," ಎಂದ.

"ಏ ಏ! ನನ್ನ ಟೈರಿಗೆ ಕುರಿ ಅಂತೀ?" ಕುತುಬುದ್ದೀನ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದೇಬಿಟ್ಟ. "ಮೂವತ್ತು ವರ್ಷ ಆತು ಅಂಗಡಿ ಇಟ್ಟು. ಮೂಸಿ ನೋಡೋ ಗಿರಾಕಿ ನೀನೇ ಮೊದಲು. ಇದೇನು ಮಾವಿನಹಣ್ಣಾ?"

"ಸಿಟ್ಟಾಗಬ್ಯಾಡ್ರಿ. ಒಳಗ ನೆಳ್ಳಾಗ ಇದ್ದಾವಲ್ರಿ, ಅವನ್ನ ನೋಡತೀನಿ."

"ಅವು ಧೂಳು ಹಿಡದಾವಪಾ. ಇನ್ನ ಒರಸಿಲ್ಲ."

"ಒರಸದೇ ಇರೋವೇ ಬೇಕ್ರಿ."

ಒಳಕೋಣೆಯ ಮೂಲೆಯಲ್ಲಿ ಹದಿನೈದು ದಿನದ ಹಿಂದೆ ಬಂದ ಟೈರುಗಳಿದ್ದವು. ಕನಕರಾಯ ಧೂಳು ಊದಿದ. ಟೈರಿನ ಮೈತುಂಬ ಎಳೆ ಎಳೆಯಾಗಿ ರಬ್ಬರಿನ ಸಣ್ಣ ಕೂದಲು. ಅಚ್ಚಿನಿಂದ ಬರುವಾಗ ಮೂಡುವ ಈ ಕೂದಲು ಕೈ ತಾಗಿದಂತೆ, ದಿನಾ ಒರೆಸಿದಂತೆ ಉದುರಿಹೋಗುತ್ತದೆ. ಅದನ್ನು ಕಂಡ ಕನಕರಾಯನ ಮುಖ, ಮೊದಲ ಉಣ್ಣೆ ಕತ್ತರಿಸದ ಮರಿ ಕಂಡ ಹಾಗೆ ಅರಳಿತು. ಒಂದನ್ನು ನೆಲದ ಮೇಲೆ ಉರುಳಿಸಿ, ಹಿಂದಿನಿಂದ ಕೂತು ಅದರ ನಡಿಗೆ ನೋಡಿದ. ಒತ್ತಿದ, ತಟ್ಟಿದ, ಕಿವಿಯಿಟ್ಟು ಕೇಳಿದ. ಬುರ್ಹಾನುದ್ದೀನ್ ಅಕ್ಕನ ಕಡೆ ತಿರುಗಿ, "ಹಲ್ಲು ಒಂದು ಎಣಿಸೋದು ಬಾಕಿ ಅದ," ಎಂದರು.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಮಹಾವೀರರಿಗೂ ಒಂದು ಎಡವಟ್ಟು ಇರಬೇಕಲ್ಲ. ಕುತುಬುದ್ದೀನ್ ಅದೇ ಜಾತಿಯ ಇನ್ನೊಂದನ್ನು ಎತ್ತಿ ಕೊಡಲು ಹೋದಾಗ ಕನಕರಾಯ ತಡೆದ.

"ಅದು ಬ್ಯಾಡ್ರಿ. ಎರಡೂ ಒಂದೇ ತಾಯಿವು ಅದಾವ."

"ಏನು?"

"ಹಿಂಡಿಗೆ ಎರಡು ಟಗರು ತರೋದಾದ್ರ ಒಂದೇ ತಾಯಿ ಮರಿ ತರಂಗಿಲ್ರಿ. ಒಂದಕ್ಕ ಬಂದ ಜಡ್ಡು ಇನ್ನೊಂದಕ್ಕ ಬರತದ. ಬ್ಯಾರೆ ಕಂಪನೀದು ಕೊಡ್ರಿ."

ಬುರ್ಹಾನುದ್ದೀನ್ ನಗುವ ಭರಕ್ಕೆ ಅಳತೆಪಟ್ಟಿ ಕೆಳಗೆ ಬಿತ್ತು. ಎಡಬಲದ ಗಾಲಿಗಳಿಗೆ ಒಂದೇ ಬಗೆಯ ಟೈರು ಹಾಕಬೇಕೆಂಬುದು ಸೈಕಲ್ ಅಂಗಡಿಯವನಿಗೂ ಗೊತ್ತಿದ್ದ ಮಾತು. ಆದರೆ ತೀರ್ಪಿನ ಪ್ರಕಾರ ಹಿಂದಿನ ಎರಡು ಕನಕರಾಯನ ಆಯ್ಕೆ. ಅಳತೆ ಒಂದೇ, ಕಂಪನಿ ಬೇರೆ, ಗೆರೆ ಬೇರೆ. ಒಂದರ ಮೈಮೇಲೆ ಅಡ್ಡಪಟ್ಟೆ, ಇನ್ನೊಂದರ ಮೇಲೆ ಹಾವು ಹರಿದ ಗುರುತು. ಹಾಗೇ ಹಾಕಿಸಿದರು.

ಪರಿಣಾಮ ಅಂದಿನಿಂದಲೇ ಕೇಳಿಸಿತು. ಡಾಂಬರಿನ ಮೇಲೆ ಓಡುವಾಗ ಎಡಗಾಲಿ "ಊಂ" ಎನ್ನುತ್ತಿತ್ತು, ಬಲಗಾಲಿ "ಈಂ" ಎನ್ನುತ್ತಿತ್ತು. ಶಹನಾಯಿ ಮತ್ತು ಅದರ ಶ್ರುತಿಪೆಟ್ಟಿಗೆ ಜಗಳವಾಡಿ ಒಂದೇ ಗಾಡಿಯಲ್ಲಿ ಹೊರಟ ಹಾಗೆ. ಸಿರವಾರದಿಂದ ದೇವದುರ್ಗದವರೆಗೆ ಜನ ಕಾರು ಕಾಣುವ ಮುಂಚೆಯೇ "ಡಾಕ್ಟರಮ್ಮ ಬಂದ್ರು" ಎಂದು ಹೊರಗೆ ಬರತೊಡಗಿದರು. ಪರಮಣ್ಣ ಸಂತೆಯಲ್ಲಿ ಅದನ್ನೇ ಮೂಗಿನಿಂದ ಹಾಡಿ ತೋರಿಸಿದ. ಕನಕರಾಯ ಮಾತ್ರ ದಿನಾ ಬೆಳಿಗ್ಗೆ ನಾಲ್ಕೂ ಟೈರಿಗೆ ಗಾಳಿ ನೋಡುತ್ತಿದ್ದ. ಎದುರಾಳಿಯ ಟೈರಿಗೂ ಅಷ್ಟೇ ಗಾಳಿ, ಅಷ್ಟೇ ಕಾಳಜಿ. ಕಾರನ್ನು ನೆರಳಿನಲ್ಲೇ ನಿಲ್ಲಿಸುತ್ತಿದ್ದ. ಬುರ್ಹಾನುದ್ದೀನ್ ವಾರಕ್ಕೊಮ್ಮೆ ಬಂದು ಹಿಂದಿನ ಗಾಲಿಗಳನ್ನು ಬೂಟಿನಿಂದ ಒದ್ದು ನೋಡುತ್ತಿದ್ದರು.

ಮೇ ತಿಂಗಳ ಕೊನೆ. ಡಾಕ್ಟರಮ್ಮ ದೇವದುರ್ಗದಲ್ಲಿದ್ದಾಗ, ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿಯಿಂದ ಕರೆ ಬಂತು. ಬಂಡೆಮ್ಮ ಎಂಬ ಹೆಂಗಸಿಗೆ ಬೆಳಗಿನಿಂದ ಹೆರಿಗೆ ನೋವು, ಕೂಸು ಅಡ್ಡವಾಗಿದೆ. ಮಧ್ಯಾಹ್ನ ಎರಡು ಗಂಟೆ. ರಸ್ತೆಯ ಮೇಲೆ ಜೋಳದ ಹಿಟ್ಟು ಚೆಲ್ಲಿದ್ದರೆ ರೊಟ್ಟಿ ಆಗುತ್ತಿತ್ತು. ಅಂದು ಬುರ್ಹಾನುದ್ದೀನ್ ಕೂಡ ಬಂದಿದ್ದರು. ತಮ್ಮ ಟೈರುಗಳ ಮೇಲೆಯೇ ಕೂರುವುದಾಗಿ ಹೇಳಿ ಮುಂದಿನ ಸೀಟು ಹಿಡಿದರು. ಹಿಂದೆ ಡಾಕ್ಟರಮ್ಮ, ನರ್ಸು, ಕರೆಯಲು ಬಂದಿದ್ದ ಇಬ್ಬರು, ಒಂದು ದೊಡ್ಡ ಪೆಟ್ಟಿಗೆ. ಹಿಂದಿನ ಗಾಲಿಗಳು ಅರ್ಧ ಇಳಿದುಹೋದವು.

"ಇವತ್ತು ತೀರ್ಮಾನ ಆಗತದ," ಎಂದರು ಬುರ್ಹಾನುದ್ದೀನ್.

ಆಯಿತು. ಗೂಗಲ್ ಇನ್ನು ಎರಡು ಮೈಲಿ ಇರುವಾಗ, ಕೋಟೆಯ ಫಿರಂಗಿ ಹಾರಿಸಿದಂತೆ ಒಂದು ಸದ್ದು. ಕಾರು ಎಡಕ್ಕೆ ಎಳೆಯಿತು. ಎಡಕ್ಕೆ ಆಳುದ್ದ ಹಳ್ಳ. ಕನಕರಾಯ ಬ್ರೇಕ್ ಮುಟ್ಟಲಿಲ್ಲ. ಬೆದರಿದ ಟಗರಿನ ಕೊಂಬು ಹಿಡಿದವನಂತೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, "ಹುರ್ರ್... ಹೊಯ್, ಹೊಯ್" ಎನ್ನುತ್ತ, ಹಳ್ಳದ ಅಂಚಿಗೆ ಎರಡು ಮೊಳ ಉಳಿಸಿ ನಿಲ್ಲಿಸಿದ.

"ಹಿಂದಿಂದು! ಹಿಂದಿಂದೇ ಹೋತು! ನಾ ಹೇಳಿದ್ದಿಲ್ಲಾ?" ಬುರ್ಹಾನುದ್ದೀನ್ ಬಾಗಿಲು ತೆರೆಯುವ ಮುಂಚೆಯೇ ಕೂಗಿದರು. ಗೆಲುವಿನ ಸಂಭ್ರಮದಲ್ಲಿ ಕೆಳಗೆ ಹಾರಿದರು. ಹಾರಿದ್ದು ನೇರವಾಗಿ ತಮ್ಮದೇ ಟೈರಿನ ಚೂರುಗಳ ಮೇಲೆ.

ಮುಂದಿನ ಎಡ ಟೈರಿನ ಪಕ್ಕೆ ಒಂದು ಮೊಳ ಸೀಳಿತ್ತು. ಸೀಳಿನ ಉದ್ದಕ್ಕೂ ಅದೇ ಸಣ್ಣ ಬಿರುಕುಗಳು. ಮುಳ್ಳಿಲ್ಲ, ಮೊಳೆಯಿಲ್ಲ, ಟೈರು ತಾನಾಗಿ ಹೋಗಿತ್ತು. ಬಲಗಡೆಯದರ ಪಕ್ಕೆಯಲ್ಲೂ ಲಿಂಬೆಹಣ್ಣಿನಷ್ಟು ದಪ್ಪ ಗುಳ್ಳೆ ಎದ್ದಿತ್ತು. ಡಾಕ್ಟರಮ್ಮ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಬೆರಳಿನಿಂದ ಒತ್ತಿ ನೋಡಿದರು.

"ತಮ್ಮಾ, ನಿನ್ನ ವಿಜ್ಞಾನಕ್ಕ ಕುರು ಆಗ್ಯದ. ಆಪರೇಷನ್ನೂ ಆಗಂಗಿಲ್ಲ."

ಹಿಂದೆ ಎರಡು ತಾಯಿಯ ಎರಡು ಮಕ್ಕಳು, ನಾಲ್ಕು ಜನರನ್ನೂ ಒಂದು ಪೆಟ್ಟಿಗೆಯನ್ನೂ ಹೊತ್ತು, ಮೈಮೇಲೆ ಗೀರೂ ಇಲ್ಲದೆ ನಿಂತಿದ್ದವು. ಅಲ್ಲಿ ಕಹಳೆ ಊದುವವರು ಯಾರೂ ಇರಲಿಲ್ಲ. ಆ ಕೊರತೆ ತುಂಬಲೆಂದೋ ಏನೋ, ದೂರದ ಹೊಲದಲ್ಲಿ ಒಂದು ಕತ್ತೆ ಕೂಗಿತು.

ಕನಕರಾಯನಿಗೆ ಗೆದ್ದೆನೆನ್ನಲು ಪುರಸೊತ್ತಿರಲಿಲ್ಲ. ಎಂಟೇ ನಿಮಿಷದಲ್ಲಿ ಗಾಲಿ ಬದಲಿಸಿ, ಗುಳ್ಳೆಯ ಕಡೆ ಒಂದು ಕಣ್ಣಿಟ್ಟು, ಹೆಜ್ಜೆ ಎಣಿಸುವ ಹಾಗೆ ಕಾರು ನಡೆಸಿ ಗೂಗಲ್ ಮುಟ್ಟಿಸಿದ. "ಊಂ ಈಂ" ಕೇಳಿ ಊರೇ ಎದುರಿಗೆ ಬಂತು. ಡಾಕ್ಟರಮ್ಮ ಒಳಗೆ ಹೋಗಿ ಒಂದು ತಾಸಿಗೆ ಹೊರಗೆ ಬಂದರು. ಹೆಣ್ಣು ಕೂಸು, ತಾಯಿ ಕ್ಷೇಮ.

ಅಲ್ಲಮಪ್ರಭು ಗುಡಿಯ ಹತ್ತಿರದ ಬೇವಿನ ನೆರಳಲ್ಲಿ ಕಾರು ನಿಂತಿತ್ತು. ಸುತ್ತ ಅರ್ಧ ಊರು. ಕರೆಯಲು ಬಂದಿದ್ದ ಇಬ್ಬರು ಅಷ್ಟರಲ್ಲೇ ಟೈರಿನ ಯುದ್ಧದ ಕಥೆಯನ್ನು ನಾಲ್ಕು ಸಲ ಹೇಳಿ, ಹಳ್ಳವನ್ನು ಬಾವಿಯಷ್ಟು ಆಳ ಮಾಡಿದ್ದರು. ಯಾರೋ ಹಿಂದಿನ ಎರಡೂ ಗಾಲಿಗೆ ಕುಂಕುಮ ಹಚ್ಚಿದರು. ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾರು ಮಾರಂಗಿಲ್ಲ. ಕನಕರಾಯ ಎಲ್ಲಿಗೂ ಹೋಗಂಗಿಲ್ಲ. ನಾಳಿ ಮುಂದಿನ ಎರಡೂ ಅವನೇ ಆರಿಸ್ತಾನ."

ಬುರ್ಹಾನುದ್ದೀನ್ ಸೋಲನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಕನಕರಾಯನ ಹೆಗಲ ಮೇಲೆ ಕೈ ಹಾಕಿದರು. "ಶಾಬಾಸ್. ಖರೇ ಹೇಳು ಕನಕರಾಯ. ನಿನ್ನ ನೌಕರಿ, ನಿನ್ನ ಮಾನ, ಎಲ್ಲ ಆ ಎರಡು ಟೈರಿನ ಮ್ಯಾಲೆ ಇತ್ತು. ಆ ಹಳ್ಳದ ದಂಡ್ಯಾಗ, ನನ್ನದರ ಬದಲಿ ನಿನ್ನ ಟೈರೇ ಸಿಡದಿತ್ತು ಅಂದ್ರ, ಏನ್ ಮಾಡ್ತಿದ್ದಿ?"

ಊರು ಕಿವಿ ನಿಮಿರಿಸಿತು. ಮುದುಕರು ಮುಂದೆ ಬಗ್ಗಿದರು. ಕನಕರಾಯ ಕೈಗೆ ಹತ್ತಿದ ಮಸಿಯನ್ನು ಕಂಬಳಿಗೆ ಒರೆಸಿಕೊಂಡ.

"ಏನ್ ಮಾಡ್ತಾರ್ರೀ ಸಾಹೇಬ್ರ, ಜಾಕ್ ಹಚ್ಚಿ ಅದನ್ನ ಬಿಚ್ಚತಿದ್ದೆ."